ಸಹಿ ಕಳಚಿದ ಪತ್ರಗಳು

ತೀರಿಕೊಂಡ ಗೆಳೆಯರೊಬ್ಬರ ಇಮೇಲುಗಳನ್ನು ಪುಸ್ತಕ ಮಾಡೋಣವೆಂದು ಅವರ ಮಗಳು ಕೇಳಿದಳು. ನನ್ನಲ್ಲಿ ಅವರ ಒಂಬೈನೂರಕ್ಕೂ ಹೆಚ್ಚು ಪತ್ರಗಳಿದ್ದವು. ಪ್ರತಿಯೊಂದರ ಬಾಲಕ್ಕೂ ಒಂದು ಪುಟ್ಟ ಕಡತ ಅಂಟಿಕೊಂಡಿತ್ತು. ಅದು ಅವರ ಡಿಜಿಟಲ್ ಸಹಿ. ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ದುಡಿದವರು. ಸಹಿಯಿಲ್ಲದೆ ‘ಊಟ ಆಯ್ತಾ’ ಎಂದೂ ಬರೆದವರಲ್ಲ.

ಪತ್ರದ ಅಕ್ಷರಗಳನ್ನೆಲ್ಲ ಲೆಕ್ಕಕ್ಕೆ ಹಾಕಿ ಒಂದು ಸಂಖ್ಯೆ ಹುಟ್ಟಿಸಿ, ಬರೆದವರ ಗುಟ್ಟಿನ ಕೀಲಿಯಿಂದ ಅದಕ್ಕೆ ಮುದ್ರೆ ಒತ್ತುವುದೇ ಈ ಸಹಿ. ಆಮೇಲೆ ಯಾರಾದರೂ ಒಂದು ಅಲ್ಪವಿರಾಮ ಕಿತ್ತರೂ ಮುದ್ರೆ ಹೊಂದುವುದಿಲ್ಲ. ಆದರೆ ಜೊತೆಗೆ ಬರುವ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ವರ್ಷದ ಆಯುಷ್ಯ. ಹಾಗಾಗಿ ಈಗ ಅವರ ಯಾವ ಪತ್ರ ತೆರೆದರೂ ನನ್ನ ಕಂಪ್ಯೂಟರು ಕೆಂಪು ಗುರುತು ತೋರಿಸಿ, ಸಹಿಯನ್ನು ನಂಬುವಂತಿಲ್ಲ ಎನ್ನುತ್ತದೆ. ಸಹಿಯನ್ನೇ ಹಾಕದ ನನ್ನ ಉತ್ತರಗಳನ್ನು ಮಾತ್ರ ತಕರಾರಿಲ್ಲದೆ ತೆರೆಯುತ್ತದೆ!

“ಅಪ್ಪನ್ನ ಕಳ್ಳನ ಥರ ತೋರಿಸುತ್ತೆ ಅಂಕಲ್, ತೆಗೆದುಬಿಡಿ” ಎಂದಳು ಹುಡುಗಿ.

ಪೈಥಾನ್‌ನಲ್ಲಿ ನಲವತ್ತು ಸಾಲಿನ ಸ್ಕ್ರಿಪ್ಟ್ ಬರೆದೆ. ಸಹಿ ಮಾಡಿದ ಇಮೇಲ್ ಎಂದರೆ ಒಂದು ಲಕೋಟೆಯಲ್ಲಿ ಎರಡು ಭಾಗ: ಮೊದಲು ಪತ್ರ, ನಂತರ ಸಹಿ. ಪತ್ರವನ್ನು ಹೊರಗೆಳೆದು, ಕಳಿಸಿದವರ ಹೆಸರು, ದಿನಾಂಕ, ವಿಷಯ ಉಳಿಸಿಕೊಂಡು ಮಿಕ್ಕಿದ್ದನ್ನು ಬಿಟ್ಟರಾಯಿತು. ಕೆಲವು ಕಡೆ ಮಾತ್ರ ಪತ್ರವೇ ಸಹಿಯ ಡಬ್ಬಿಯೊಳಗೆ ಕೂತಿರುತ್ತದೆ. ಡಬ್ಬಿ ಎಸೆದರೆ ಪತ್ರವೂ ಹೋಯಿತು. ಅಂಥ ಹನ್ನೊಂದನ್ನು ಬೇರೆಯಾಗಿ ಬಿಡಿಸಿದೆ. ಕನ್ನಡ ಪತ್ರಗಳ ಒಳಗು ನೋಡುವುದೇ ಒಂದು ಮೋಜು. ಒಂದು ‘ಕ’ ಒಂಬತ್ತು ಚಿಹ್ನೆಗಳ ವೇಷ ತೊಟ್ಟು ಪ್ರಯಾಣ ಮಾಡಿರುತ್ತದೆ.

ಪ್ರತಿ ಸಿದ್ಧವಾಯಿತು, ಕೆಂಪು ಗುರುತೂ ಮಾಯವಾಯಿತು. ಅದನ್ನು ಓದಿದ ಅವಳ ಅಣ್ಣ ಫೋನ್ ಮಾಡಿದ. ಊರಿನ ಮನೆಯಲ್ಲಿ ಮಗಳಿಗೂ ಸಮಪಾಲು ಎಂದು ಅಪ್ಪ ನನಗೆ ಬರೆದಿದ್ದ ಪತ್ರ ಅದರಲ್ಲಿತ್ತು. “ಇದು ಅಪ್ಪನ ಮಾತಿನ ಧಾಟಿ ಅಲ್ಲ” ಎಂದ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಸಹಿ ಕಳಚಿದ ಆ ಪುಟವನ್ನು ಯಾರು ಬೇಕಾದರೂ ಟೈಪ್ ಮಾಡಬಹುದು, ನಾನೂ.

ಮೂಲ ಪತ್ರಗಳು ಎರಡು ಡಿಸ್ಕುಗಳಲ್ಲಿ ಭದ್ರವಾಗಿದ್ದವು. ಓಪನ್‌ಎಸ್‌ಎಸ್‌ಎಲ್ ತಂತ್ರಾಂಶಕ್ಕೆ ಪ್ರಮಾಣಪತ್ರದ ಗೊಡವೆ ಬಿಟ್ಟು ಬರೀ ಮುದ್ರೆಯನ್ನು ನೋಡು ಎಂದು ಹೇಳಬಹುದು. ನೋಡಿತು. ಮುದ್ರೆ ಹೊಂದಿತು. ಆ ಪತ್ರದ ಮೂಲವನ್ನು ಅಣ್ಣ-ತಂಗಿ ಇಬ್ಬರಿಗೂ ಕಳಿಸಿದೆ, ಕೆಂಪು ಗುರುತಿನ ಸಮೇತ.