ಬಾಗಿಲು ಹಾಕಿ ಕೇಳಿ ಡಾಕ್ಟ್ರೇ

ನಮ್ಮ ಚಿಕ್ಕವ್ವನಿಗೆ ಎರಡು ತಿಂಗಳಿಂದ ಬಿಳಿ ಸೆರಗು, ಕಿಬ್ಬೊಟ್ಟೆ ನೋವು. ಕೂಲಿ ತಪ್ಪುತ್ತೆ ಅಂತ ಸುಮ್ಮನಿದ್ದಳು. ಕೊನೆಗೆ ನಾನೇ ತಾಲ್ಲೂಕು ಆಸ್ಪತ್ರೆಗೆ ಕರ್ಕೊಂಡು ಹೋದೆ.

ಡಾಕ್ಟರು ಚೀಟಿ ನೋಡಿದರು. ವಿಳಾಸ: ಅಂಬೇಡ್ಕರ್ ನಗರ. ಬಾಗಿಲಲ್ಲಿ ಜನ ನಿಂತಿರುವಾಗಲೇ ಕೇಳಿದರು, "ಎಷ್ಟು ಜನರ ಹತ್ರ ಹೋಗ್ತೀಯಾ?" ಚಿಕ್ಕವ್ವ ಸೆರಗನ್ನ ಬಾಯಿಗೆ ಒತ್ತಿಕೊಂಡಳು. ಹಿಂದೆ ಬಂದವರೂ ಬಿಳಿ ಸೆರಗು ಅಂದರು. ಅವರಿಗೆ ಮಾತ್ರ, "ಕೂತ್ಕೊಳ್ಳಿ ಅಮ್ಮಾ, ಯಾವಾಗಿಂದ?"

ಪ್ರಶ್ನೆ ತಪ್ಪಲ್ಲ. ಲೈಂಗಿಕ ಸೋಂಕಿನ ಅಪಾಯ ತಿಳಿಯೋಕೆ ಕೇಳಲೇಬೇಕು. ಆದರೆ ಕೇರಿ ನೋಡಿ ಕೇಳಿದರೆ ಅದು ತಪಾಸಣೆಯಲ್ಲ, ಆರೋಪ. ಬಿಳಿ ಸೆರಗೆಲ್ಲ ಲೈಂಗಿಕ ಸೋಂಕೂ ಅಲ್ಲ. ಸೋಂಕೇ ಆಗಿದ್ದರೆ ಎಷ್ಟೋ ಸಲ ಗಂಡನಿಗೂ ಮಾತ್ರೆ ಬೇಕು, ಇಲ್ಲದಿದ್ದರೆ ಮತ್ತೆ ಬರುತ್ತೆ. ಚಿಕ್ಕಪ್ಪನ ಬಗ್ಗೆ ಒಂದು ಮಾತೂ ಇಲ್ಲ!

ಅದೇ ಆಸ್ಪತ್ರೆಯ ಐಸಿಟಿಸಿ ಕೌನ್ಸೆಲರ್ "ಇದು ಎಲ್ಲರಿಗೂ ಕೇಳೋ ಪ್ರಶ್ನೆ ಅವ್ವಾ" ಅಂತ ನನ್ನನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು. ಚಿಕ್ಕವ್ವ ಅರ್ಧ ಗಂಟೆ ಮಾತಾಡಿದಳು. ಏನು ಅಂತ ನಾನು ಕೇಳಲಿಲ್ಲ, ಅದು ಅವಳದ್ದು.

ಗೆಳೆಯರೇ, 2017ರ ಎಚ್‌ಐವಿ ಕಾಯ್ದೆ ಪ್ರಕಾರ ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದೇ ಪರೀಕ್ಷೆ ಮಾಡಬೇಕು, ಫಲಿತಾಂಶ ಗುಟ್ಟಾಗಿಡಬೇಕು. ಸರ್ಕಾರಿ ಐಸಿಟಿಸಿಯಲ್ಲಿ ಪರೀಕ್ಷೆ ಉಚಿತ. ಸಹಾಯವಾಣಿ 1097. ಕೇರಿಯ ಹೆಣ್ಣುಮಕ್ಕಳಿಗೆ ಹೇಳಿ. "ಬಾಗಿಲು ಹಾಕಿ ಕೇಳಿ" ಅನ್ನೋದು ಅಹಂಕಾರ ಅಲ್ಲ, ಹಕ್ಕು ಅಂತಲೂ ಹೇಳಿ.

ಇದನ್ನ ಚಿಕ್ಕವ್ವನನ್ನ ಕೇಳೇ ಬರೆದೆ. "ಬರಿ ಮಗಾ, ನನ್ ಹೆಸ್ರು ಮಾತ್ರ ಹಾಕ್ಬ್ಯಾಡ" ಅಂದಳು.

ಜೈ ಭೀಮ್.