ಕುರುಡು ಚಿತ್ತಿ ಮಳೆ, ಕ್ಯಾಮೆರಾದ ಕಣ್ಣು

ಪರದೆಯ ಮೇಲೆ ನಾಯಕ-ನಾಯಕಿ ಮಳೆಯಲ್ಲಿ ತೊಯ್ದು ಹಾಡುವಾಗ ಶಿಳ್ಳೆ ಹೊಡೆಯುತ್ತೀರಲ್ಲ, ಆ ಮಳೆಯ ಈಚೆ ನಿಂತ ಕ್ಯಾಮೆರಾದ ಗತಿ ಏನು ಅಂತ ಯಾವತ್ತಾದರೂ ಯೋಚಿಸಿದ್ದೀರಾ? ನಾನೂ ಯೋಚಿಸಿರಲಿಲ್ಲ. ಡಂಬಳದ ದೊಡ್ಡಬಸಪ್ಪನ ಗುಡಿಯ ಮುಂದೆ ಚಿತ್ತಿ ಮಳೆ ನನ್ನನ್ನು ಹಿಡಿದು ನಿಲ್ಲಿಸುವ ತನಕ!

ಹೋದ ಅಕ್ಟೋಬರಿನ ಮಾತು. ಗದಗ ಸೀಮೆಯ ಗುಡಿಗಳ ಚಿತ್ರ ತೆಗೆಯಲು ಹೊರಟಿದ್ದೆ. ಕ್ಯಾಮೆರಾ ನನ್ನದಲ್ಲ. ಬೆಟಗೇರಿಯಲ್ಲಿ ಪುಟ್ಟ ಸ್ಟುಡಿಯೋ ಇಟ್ಟುಕೊಂಡ ಗೆಳೆಯನದು. ನನಗಿಂತ ದೊಡ್ಡವ, ಅಣ್ಣಾ ಅಂತೀನಿ.

"ತಮ್ಮಾ, ರವಿವಾರ ತೊಟ್ಟಿಲ ಕಾರ್ಯಕ್ರಮದ ಆರ್ಡರ್ ಐತಿ. ಶುಕ್ರವಾರ ನನ್ನ ಕೈಯಾಗ ಇರಬೇಕು. ಇದು ಕ್ಯಾಮೆರಾ ಅಲ್ಲ, ನನ್ನ ಮನಿ ಒಲಿ!" ಅಂದ.

"ಮಳಿ ಬಂದ್ರ ಏನ್ ಮಾಡ್ತೀಯೋ?" ಅಂತ ವೈನಿ ಒಳಗಿನಿಂದ ಕೇಳಿದರು.

"ಇದೇನು ಆಗುಂಬೆ ಏನ್ರಿ ವೈನಿ?" ಅಂತ ನಕ್ಕುಬಿಟ್ಟೆ.

ನಾನು ಮಾಡಿದ ಮೊದಲ ತಪ್ಪೇ ಆ ನಗು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ. ಅಲ್ಲಿ ಮನೆಯಿಂದ ಹೊರಬೀಳುವವನ ಕೈಯಲ್ಲಿ ಛತ್ರಿ ಇದ್ದೇ ಇರುತ್ತದೆ. ಗದಗದಲ್ಲಿ ಬೀಳುವುದು 600ರ ಆಸುಪಾಸು. ಹಾಗಾಗಿ ಛತ್ರಿ ಯಾರಿಗೂ ನೆನಪಿರುವುದಿಲ್ಲ. ಮಲೆನಾಡಿನ ಮಳೆ ಹೇಳಿ ಬರುತ್ತದೆ, ಬಯಲುಸೀಮೆಯ ಮಳೆ ಬಂದು ಹೇಳುತ್ತದೆ. ಅದರಲ್ಲೂ ಅಕ್ಟೋಬರಿನ ನಡುವೆ ಬರುವ ಚಿತ್ತಿ ಮಳೆಗೆ ರೈತರು ಇಟ್ಟ ಹೆಸರೇ ಕುರುಡು ಚಿತ್ತಿ. ಈ ಹೊಲಕ್ಕೆ ಬಿದ್ದರೆ ಪಕ್ಕದ ಹೊಲಕ್ಕಿಲ್ಲ!

ಗುರುವಾರ ಬೆಳಿಗ್ಗೆ ಲಕ್ಷ್ಮೇಶ್ವರ. ಆದಿಕವಿ ಪಂಪ ಮೆಚ್ಚಿದ ತಿರುಳ್ಗನ್ನಡದ ಪುಲಿಗೆರೆ ಇದೇ. ಸೋಮೇಶ್ವರನ ಗುಡಿಯ ಮೇಲೆ ಎಳೆಬಿಸಿಲು. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಮಧ್ಯಾಹ್ನ ಶಿರಹಟ್ಟಿಯ ಫಕೀರೇಶ್ವರ ಮಠ. ಸೆಕೆಗೆ ಅಂಗಿ ಬೆನ್ನಿಗೆ ಅಂಟಿತ್ತು. ಅಲ್ಲಿಂದ ಮುಂಡರಗಿಗೆ ಹೋಗಿ, ಗದಗಿಗೆ ಹೊರಟ ಬಸ್ಸು ಹತ್ತಿ, ನಡುವೆ ಡಂಬಳದಲ್ಲಿ ಇಳಿದಾಗ ನಾಲ್ಕು ಗಂಟೆ ದಾಟಿತ್ತು.

ದೊಡ್ಡಬಸಪ್ಪನ ಗುಡಿ 12ನೇ ಶತಮಾನದ್ದು, ಚಾಲುಕ್ಯರ ಶೈಲಿ. ತಳವಿನ್ಯಾಸ 24 ಮೂಲೆಗಳ ನಕ್ಷತ್ರ. ಸುತ್ತು ಹಾಕಿದರೆ ಮೂಲೆಮೂಲೆಗೂ ನೆರಳು ಬೇರೆ, ಬೆಳಕು ಬೇರೆ. ಗುಡಿಯ ಎದುರು ನಿಂತು ಕ್ಯಾಮೆರಾ ಕಣ್ಣಿಗೆ ಹಚ್ಚಿದ್ದೆ. ಕಪ್ಪತಗುಡ್ಡದ ಮೇಲೆ ಗುಡುಗಿತು. ಒಂದು ಹನಿ. ಎರಡು. ಆಮೇಲೆ ಲೆಕ್ಕ ಸಿಗಲಿಲ್ಲ.

ಮಜಾ ಅಂದರೆ ಪಡುವಣದಲ್ಲಿ ಸೂರ್ಯ ಮುಚ್ಚಿರಲಿಲ್ಲ! ಗುಡಿಯ ಹಿಂದಿನಿಂದ ಬಿಸಿಲು ಬಂದು ಮಳೆಯ ಎಳೆ ಎಳೆಯೂ ಬೆಳ್ಳಿ ತಂತಿಯ ಹಾಗೆ ಹೊಳೆಯುತ್ತಿತ್ತು. ಮಿತ್ರರೆ, ಮಳೆಯನ್ನು ಕ್ಯಾಮೆರಾದಲ್ಲಿ ಹಿಡಿಯುವ ಗುಟ್ಟೇ ಅದು. ಮುಂದಿನಿಂದ ಬೆಳಕು ಬಿದ್ದರೆ ಹನಿ ಕಾಣುವುದೇ ಇಲ್ಲ. ಹಿಂದಿನಿಂದ ಬೀಳಬೇಕು, ಹಿನ್ನೆಲೆ ಕಪ್ಪಗಿರಬೇಕು. ಸಿನಿಮಾದವರು ಟ್ಯಾಂಕರ್ ತರಿಸಿ ಕೃತಕ ಮಳೆ ಸುರಿಸುವಾಗಲೂ ದೀಪವನ್ನು ಮಳೆಯ ಆಚೆಗೇ ಇಡುತ್ತಾರೆ.

ಆದರೆ ಅವರು ಛತ್ರಿಯನ್ನು ಮೊದಲು ಹಿಡಿಯುವುದು ನಾಯಕಿಗಲ್ಲ, ಕ್ಯಾಮೆರಾಗೆ! 2006ರ ‘ಮುಂಗಾರು ಮಳೆ’ಯಲ್ಲಿ ಎಸ್. ಕೃಷ್ಣ ಕ್ಯಾಮೆರಾ ಹಿಡಿದದ್ದು ಮಲೆನಾಡಿನ ಮಳೆಯ ಎದುರು. ಕಾಸರವಳ್ಳಿಯವರ ‘ದ್ವೀಪ’ದಲ್ಲಂತೂ ಮಳೆ, ಏರುವ ನೀರು ಎರಡೂ ಪಾತ್ರಗಳೇ. ಅದಕ್ಕೆ 49ನೇ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರದ ಜೊತೆಗೆ ಛಾಯಾಗ್ರಹಣದ ಪ್ರಶಸ್ತಿಯೂ ಬಂತು. ಕ್ಯಾಮೆರಾ ಎಚ್.ಎಂ. ರಾಮಚಂದ್ರ ಹಾಲ್ಕೆರೆಯವರದು.

ನನ್ನ ಹತ್ತಿರ ಛತ್ರಿ ಇರಲಿಲ್ಲ. ಇದ್ದದ್ದು ಆಸೆ. ‘ಇನ್ನೊಂದೇ ಒಂದು’ ಅಂತ ಹನ್ನೆರಡು ಚಿತ್ರ ತೆಗೆದೆ. ಆಮೇಲೆ ಕ್ಯಾಮೆರಾವನ್ನು ಅಂಗಿಯೊಳಗೆ ತುರುಕಿ ಓಡಿದೆ. ಎರಡನೇ ತಪ್ಪು. ಮೈಯ ಬೆವರು, ಬಿಸಿ, ಒದ್ದೆ ಅಂಗಿ ಸೇರಿ ಲೆನ್ಸಿನ ಮೇಲೆ ಮಂಜು ಕೂತಿತು. ಕರವಸ್ತ್ರದಿಂದ ಗಸಗಸ ಒರೆಸಿದೆ. ಮೂರನೇ ತಪ್ಪು. ಇಡೀ ದಿನದ ಬಸ್ಸಿನ ದೂಳು ಗಾಜಿನ ಮೇಲೆ ಉಸುಕಿನ ಕಾಗದದ ಹಾಗೆ ಉಜ್ಜಿತು. ‘ನಡೀತೈತೋ ಇಲ್ಲೋ’ ಅಂತ ಗುಂಡಿ ಒತ್ತಿದೆ. ಅದು ಎಲ್ಲಕ್ಕೂ ದೊಡ್ಡ ತಪ್ಪು. ಪರದೆ ಒಮ್ಮೆ ಮಿನುಗಿ ಕಣ್ಣು ಮುಚ್ಚಿತು.

ಪಕ್ಕದ ಕಣದಲ್ಲಿ ಒಬ್ಬ ಮುದುಕ ಶೇಂಗಾ ರಾಶಿಯ ಮೇಲೆ ತಾಡಪತ್ರಿ ಎಳೆಯುತ್ತಿದ್ದ. ತಲೆಗೆ ಗೊಬ್ಬರ ಚೀಲದ ಕೊಪ್ಪಿ. ನನ್ನ ಅವತಾರ ನೋಡಿ ಇನ್ನೊಂದು ಚೀಲ ಕೊಟ್ಟ.

"ಯಪ್ಪಾ, ನಾವು ರಾಶಿ ಮಾಡೂಮುಂದ ಮೊದಲ ತಾಡಪತ್ರಿ ತರತೀವಿ, ಆಮ್ಯಾಲ ಶೇಂಗಾ. ನೀ ಪ್ಯಾಟಿಯಾಂವ, ಬರೇ ಕೈಲೆ ಬಂದೀಯಲ್ಲೋ!"

ಯಾವ ಪುಸ್ತಕದಲ್ಲೂ ಇಷ್ಟು ಚೊಕ್ಕವಾಗಿ ಬರೆದಿಲ್ಲ.

ರಾತ್ರಿ ಬೆಟಗೇರಿಯಲ್ಲಿ ಅಣ್ಣ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ಬ್ಯಾಟರಿ ತೆಗೆದ, ಕಾರ್ಡ್ ತೆಗೆದ, ಲೆನ್ಸ್ ಬಿಚ್ಚಿದ. ಹಳೇ ಬನಿಯನ್ ಬಟ್ಟೆಯಿಂದ ಹೊರಗಿನ ನೀರನ್ನು ಒತ್ತಿ ಒತ್ತಿ ತೆಗೆದ, ಉಜ್ಜಲಿಲ್ಲ. "ಅಕ್ಕಿ ಡಬ್ಬಿಯೊಳಗ ಇಡೋಣೇನ್ರಿ?" ಅಂದರು ವೈನಿ. "ಬ್ಯಾಡ, ಅಕ್ಕಿ ಪುಡಿ ಒಳಗ ಹೊಕ್ಕರ ಮತ್ತೊಂದು ರೋಗ" ಅಂದ. ಬಿಗಿ ಮುಚ್ಚಳದ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ ಇಟ್ಟ. ಹೊಸ ಬೂಟಿನ ಡಬ್ಬಿಯಲ್ಲಿ ಸಿಗುತ್ತವಲ್ಲ, ಅವೇ. ಒದ್ದೆ ಒಳಗೆ ಉಳಿದರೆ ಲೆನ್ಸಿನ ಗಾಜಿಗೇ ಬೂಷ್ಟು ಹಿಡಿಯುತ್ತದೆ, ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿ ಮುಚ್ಚಿಡುವುದೂ ಅದಕ್ಕೇ ಕೇಡು ಅಂದ.

ಶನಿವಾರ ಕ್ಯಾಮೆರಾ ಏಳಲಿಲ್ಲ. ರವಿವಾರವೂ ಏಳಲಿಲ್ಲ. ಅಣ್ಣ ಇನ್ನೊಂದು ಸ್ಟುಡಿಯೋದಿಂದ ಬಾಡಿಗೆ ಕ್ಯಾಮೆರಾ ತಂದು ತೊಟ್ಟಿಲ ಕಾರ್ಯಕ್ರಮ ಮುಗಿಸಿದ. ಸೋಮವಾರ ಸಂಜೆ ಬ್ಯಾಟರಿ ಹಾಕಿದಾಗ ಪರದೆ ಕಣ್ಣು ತೆರೆಯಿತು. ಮೂವರೂ ಮಾತಾಡಲಿಲ್ಲ. ವೈನಿ ಚಹಾ ತಂದರು. ಆದರೆ ಲೆನ್ಸಿನ ಮೇಲೆ ನನ್ನ ಕರವಸ್ತ್ರದ ಗೀರು ಹಾಗೇ ಇದೆ. ಬಾಡಿಗೆ ಹಣ ನನ್ನ ಲೆಕ್ಕಕ್ಕೆ. ಈ ಲೇಖನದ ಸಂಭಾವನೆ ಎಲ್ಲಿಗೆ ಹೋಗುತ್ತದೆ ಅಂತ ಈಗ ನಿಮಗೆ ತಿಳಿಯಿತು!

ಈಗ ನನ್ನ ಚೀಲದಲ್ಲಿ ಯಾವಾಗಲೂ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಇರುತ್ತದೆ. ಲೆನ್ಸಿನ ಮುಂದೆ ಒಂದು ತೂತು, ಸುತ್ತ ರಬ್ಬರ್ ಬ್ಯಾಂಡು, ಹವೆ ಆಡಲು ಕೆಳಗಡೆ ಬಾಯಿ ಬಿಟ್ಟಿರುತ್ತೇನೆ. ಮಳೆಯಲ್ಲಿ ಲೆನ್ಸ್ ಬದಲಿಸುವುದಿಲ್ಲ. ತೆಗೆಯದಿರುವಾಗ ಕ್ಯಾಮೆರಾದ ಮುಖ ನೆಲಕ್ಕೆ. ದೂಳಿದ್ದರೆ ಮೊದಲು ಪಂಪಿನಿಂದ ಗಾಳಿ ಊದಿ, ಆಮೇಲೆ ಬಟ್ಟೆ ಮುಟ್ಟಿಸುತ್ತೇನೆ. ಖರ್ಚು ಹೆಚ್ಚೇನಿಲ್ಲ.

ಹನ್ನೆರಡರಲ್ಲಿ ಒಂದು ಚಿತ್ರ ಚೆನ್ನಾಗಿ ಬಂದಿತ್ತು. ಬೆಳ್ಳಿ ಮಳೆಯ ಹಿಂದೆ ಕರಿ ನಕ್ಷತ್ರದಂಥ ಗುಡಿ. ಅಣ್ಣ ಅದನ್ನು ದೊಡ್ಡದು ಮಾಡಿ ಸ್ಟುಡಿಯೋದ ಗೋಡೆಗೆ ಹಾಕಿದ್ದಾನೆ. ಯಾರಾದರೂ ಹೊಗಳಿದರೆ "ಭಾಳ ತುಟ್ಟಿ ಫೋಟೋರಿ ಅದು" ಅನ್ನುತ್ತಾನೆ.

ಗದಗಿನ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸ ಮಿಂದು ಬಂದು, ಉಟ್ಟ ಒದ್ದೆ ಬಟ್ಟೆ ಆರುವ ತನಕ ಮಾತ್ರ ಭಾರತ ಬರೆಯುತ್ತಿದ್ದನಂತೆ. ಅವನು ಮಹಾಕವಿ, ಒದ್ದೆಯಲ್ಲೂ ಕೆಲಸ ನಡೆಯಿತು. ಕ್ಯಾಮೆರಾ ಪಾಪ, ಪೂರಾ ಆರಿದ ಮೇಲೇ ಕಣ್ಣು ಬಿಡುವ ಜಾತಿ!