ಗಾಡಿ ಹೋಯ್ತು, ಹುಳ ಉಳಿದ್ವು

ಕಾಗವಾಡ, ಅಥಣಿ ಕಡೆ ಸೂರ್ಯಕಾಂತಿ ಹೂ ಮುಗಿದ ಮೇಲೆ ಜೇನುಪೆಟ್ಟಿಗೆ ಎತ್ತುವವರು ಕತ್ತಲಾಗುವ ತನಕ ಕಾಯಬೇಕು. ಅವಸರಪಟ್ಟು ಹಗಲಲ್ಲೇ ಗಾಡಿ ತುಂಬಿದರೆ ಮೇಯಲು ಹೋದ ಹುಳಗಳೆಲ್ಲ ಹಿಂದೆ ಉಳಿಯುತ್ತವೆ. ಅವು ನೆನಪಿಟ್ಟಿರುವುದು ಜಾಗವನ್ನು. ಹೀಗಾಗಿ ಖಾಲಿ ಬದುವಿನ ಸುತ್ತ ಹಾರಾಡಿ, ಸಂಜೆಗೆ ಯಾವುದೋ ಕಂಟಿಗೆ ಗೊಂಚಲಾಗಿ ಕೂರುತ್ತವೆ. ರಾಣಿ ಇಲ್ಲ, ಮರಿ ಇಲ್ಲ.

ಹಂಗಾಮಿನಲ್ಲಿ ಕೆಲಸಗಾರ ಹುಳದ ಆಯುಷ್ಯವೇ ಸುಮಾರು 6 ವಾರ, ಹೊರಗೆ ಮೇಯುವವು ವಯಸ್ಸಾದವು. ಅದಕ್ಕೇ ‘ಹೋಗ್ಲಿ ಬಿಡ್ರಿ’ ಅನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಮರಿಯಿರುವ ಒಂದು ಚೌಕಟ್ಟು ಹಾಕಿ ಅದೇ ಜಾಗದಲ್ಲಿ ಪೆಟ್ಟಿಗೆ ಇಟ್ಟರೆ ಹೊತ್ತು ಮುಳುಗುವಷ್ಟರಲ್ಲಿ ಬಹಳಷ್ಟು ಒಳಗೆ ಸೇರುತ್ತವೆ. ರಾತ್ರಿ ಬಾಗಿಲು ಮುಚ್ಚಿ ದೂರ ಒಯ್ದು, ಸೊರಗಿದ ಕುಟುಂಬಕ್ಕೆ ಕೂಡಿಸಬಹುದು. ವಾಸನೆ ನಿಧಾನ ಬೆರೆಯಲಿ ಅಂತ ನಡುವೆ ಒಂದು ಪೇಪರ್ ಹಾಳೆ. ಚುನಾವಣೆ ಪುಟ ಮಾತ್ರ ಬೇಡ, ಮೊದಲೇ ಸಿಟ್ಟಿನಲ್ಲಿರುತ್ತವೆ.